ಬಗ್ಗದ ಕೈ

ಕಂಪ್ಯೂಟರ್ ಪರದೆಯ ಅಣಕು ಪರೀಕ್ಷೆಯಲ್ಲಿ ತಗಡು ಒತ್ತುವ ಪ್ರೆಸ್ಸು ಕಾರ್ಮಿಕನ ಕೈಮೇಲೆ ಇಳಿಯಿತು. ಕೈಗೆ ಒಂದಿಷ್ಟೂ ಪೆಟ್ಟಾಗಲಿಲ್ಲ. “ಪೆಟ್ಟಾದ ಕಡೆ ಕೆಂಪಾಗ್ಬೇಕಿತ್ತು, ಎಲ್ಲೂ ಕೆಂಪಿಲ್ಲ ನೋಡಮ್ಮ. ಸಹಿ ಹಾಕು, ನಾಳೆಯಿಂದ ಕಾವಲು ಜಾಲರಿ ಇಲ್ದೇನೇ ಓಡಿಸೋಣ,” ಎಂದ ಮ್ಯಾನೇಜರು.

“ಕೆಂಪೆಲ್ಲಿಂದ ಬರುತ್ತೆ ಸಾರ್? ಕೈಯನ್ನ ರಿಜಿಡ್ ಅಂತ ತಿದ್ದಿದ್ದೀರಿ. ಬಗ್ಗದ ವಸ್ತು ಅಂದ್ಮೇಲೆ ಅದಕ್ಕೆಷ್ಟು ಪೆಟ್ಟು ಅಂತ ಕಂಪ್ಯೂಟರ್ ಲೆಕ್ಕಾನೇ ಹಾಕಲ್ಲ,” ಎಂದಳು ಎಂಜಿನಿಯರ್.

“ದುಡಿಯೋರ ಕೈ ತಾನೇ, ಕಲ್ಲಾಗಿರುತ್ತೆ ಬಿಡು.” ಅವನು ನಗುತ್ತ ಮೇಜಿನ ಮೇಲೆ ಬೆರಳು ಕುಟ್ಟಿದ.

ಅವಳು ಉಕ್ಕಿನ ಸ್ಕೇಲನ್ನು ಆ ಬೆರಳುಗಳ ಮೇಲೆ ಅಡ್ಡವಿಟ್ಟು ಬಲವಾಗಿ ಅದುಮಿದಳು. ಅವನು ಚೀರಿ ಕೈ ಕಿತ್ತುಕೊಂಡ. ಸ್ಕೇಲು ಒಂಚೂರೂ ಬಗ್ಗಿರಲಿಲ್ಲ. ಬೆರಳ ಮೇಲೆ ತಗ್ಗಾದ ಕೆಂಪು ಗೆರೆಯಿತ್ತು. “ಅವರದ್ದೂ ಇಂಥದ್ದೇ ಸಾರ್,” ಎಂದವಳು ಕಂಪ್ಯೂಟರಿನಲ್ಲಿ ಕೈಯನ್ನು ಮತ್ತೆ ಮಾಂಸವೆಂದು ನಮೂದಿಸಿ ಲೆಕ್ಕ ಓಡಿಸಿದಳು. ಪರದೆಯ ಐದೂ ಬೆರಳು ಕೆಂಪಾದವು.