ಉಡಿಯಕ್ಕಿ

“ಮೂರು ತಿಂಗಳು ಈಕಿ ಕಾಳು ಬಂದ್ ಮಾಡ್ರಿ. ಒಬ್ಬಾಕಿಗೆ ಬಿಸಿ ಮುಟ್ಟಿದ್ರ ಓಣಿಗೆಲ್ಲ ಬುದ್ಧಿ ಬರ್ತೈತಿ,” ಎಂದರು ಅಕ್ಕಿ ಗಿರಣಿಯ ಅಂದಾನಪ್ಪ.

“ಒಂದು ತಿಂಗಳು ಸಾಕು. ನಾವೇನು ಕಟುಕರಲ್ಲ,” ಎಂದರು ವಕೀಲ ಜಂಬಯ್ಯ.

ಕಂಪ್ಲಿಯ ಚಾವಡಿಯಲ್ಲಿ ನೇಕಾರರ ಪರಿಹಾರ ಸಮಿತಿ ಕೂತಿತ್ತು. ತಾಯಕ್ಕ ಕಂಬದ ಪಕ್ಕ ನಿಂತಿದ್ದಳು. ಯುದ್ಧ ಶುರುವಾಗಿ ನೂಲೆಲ್ಲ ಸಿಪಾಯಿಗಳ ಬಟ್ಟೆಗೆ ಹೋಗತೊಡಗಿದ ಮೇಲೆ ಓಣಿಯ ಮಗ್ಗಗಳು ಒಂದೊಂದಾಗಿ ನಿಂತಿದ್ದವು. ಕೆಲಸವಿಲ್ಲದ ಮನೆಗೆ ವಾರಕ್ಕೆ ನಾಲ್ಕು ಸೇರು ಜೋಳ. ಬೇರೆ ಕಡೆ ದುಡಿದರೆ ಹೇಳಬೇಕು; ಮುಚ್ಚಿಟ್ಟರೆ ದಂಡ. ತಾಯಕ್ಕನ ಗಂಡನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇಬ್ಬರಿಗೂ ಆ ಜೋಳವೇ ಊಟ.

ಗುಮಾಸ್ತ ಉಚ್ಚೆಂಗಪ್ಪ ದೂರು ಓದಿದ. ಹದಿನೈದು ದಿನದ ಹಿಂದೆ ತಾಯಕ್ಕ ನೆರೆಮನೆಯ ಹೊಳೆಮ್ಮನ ಮಗ್ಗಕ್ಕೆ ಹಾಸು ಕೆಚ್ಚಿದ್ದಾಳೆ. ಸೆರಗಿನಲ್ಲಿ ಅಕ್ಕಿ ತಂದಿದ್ದಾಳೆ. ಶನಿವಾರ ಜೋಳ ಪಡೆಯುವಾಗ ‘ಕೂಲಿ ಏನಾದರೂ ಬಂತೇ’ ಎಂದು ಕೇಳಿದ್ದಕ್ಕೆ ‘ಇಲ್ಲ’ ಎಂದಿದ್ದಾಳೆ.

“ಕೆಚ್ಚಿದ್ದು ಖರೆ, ಅಕ್ಕಿ ತಂದಿದ್ದೂ ಖರೆ,” ಎಂದಳು ತಾಯಕ್ಕ. “ಆದ್ರ ಕೂಲಿ ಬಂದಿಲ್ರಿ. ಅದು ಉಡಿ.”

ಮಗ್ಗದಲ್ಲಿ ಉಳಿಸಿಕೊಂಡ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರದ ಮೇಲೆ ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಬೆಳಗಿನಿಂದ ಹೊತ್ತು ಮುಳುಗುವ ತನಕ ಬಗ್ಗಿ ಕೂರಬೇಕು. ಆ ಓಣಿಯಲ್ಲಿ ಅದಕ್ಕೆ ಕೂಲಿ ಕೇಳಿದವರಿಲ್ಲ, ಕೊಟ್ಟವರೂ ಇಲ್ಲ. ಕೊನೆಯ ಎಳೆ ಕೂಡಿದ ಮೇಲೆ ಮನೆಯಾಕೆ ಕೆಚ್ಚಿದವಳ ಹಣೆಗೆ ಕುಂಕುಮ ಹಚ್ಚಿ, ಬೊಗಸೆಯಿಂದ ಐದು ಸಲ ಸೆರಗಿನ ಮಡಿಲಿಗೆ ಅಕ್ಕಿ ಸುರಿದು, ತವರಿಗೆ ಬಂದ ಮಗಳಿಗೆ ತುಂಬಿದಂತೆ ಉಡಿ ತುಂಬುತ್ತಾಳೆ. ಅದನ್ನು ಮುಚ್ಚಿಕೊಂಡು ತರಬಾರದು. ನಾಲ್ಕು ಮಂದಿಗೆ ಕಾಣುವಂತೆ ತರಬೇಕು. ತಾಯಕ್ಕ ಹಾಗೆಯೇ ತಂದಿದ್ದಳು, ಉಚ್ಚೆಂಗಪ್ಪನ ಎದುರಿಗೇ.

“ಉಡ್ಯಾಗಿನ ಅಕ್ಕಿ ಹೊಟ್ಟಿಗೆ ಹೋಗಂಗಿಲ್ಲೇನಬೇ?” ಅಂದಾನಪ್ಪ ನಕ್ಕರು. “ಬೇಯಿಸ್ಕೊಂಡು ಉಂಡಿಯಿಲ್ಲೋ?”

“ಉಂಡೀನ್ರಿ.”

“ಮತ್ತ?”

“ಮೊನ್ನೆ ನಿಮ್ಮ ಮಗಳಿಗೂ ಉಡಿ ತುಂಬಿ ಗಂಡನ ಮನಿಗೆ ಕಳಿಸಿದ್ರಲ್ಲ ಧಣಿ, ಆಕಿ ನಿಮ್ಮ ಮನ್ಯಾಗ ಎಷ್ಟು ದಿನ ಕೂಲಿ ಮಾಡಿದ್ಳು?”

ಬಾಗಿಲ ಹೊರಗೆ ನಿಂತವರು ಕಿಸಕ್ಕನೆ ನಕ್ಕರು. ಅಂದಾನಪ್ಪನ ಮೋರೆ ಕೆಂಪಾಯಿತು. “ನಾಲಿಗಿ ನೋಡ್ರಿ ಈಕಿದು! ಮೂರಲ್ಲ, ಆರು ತಿಂಗಳು ಮಾಡ್ರಿ!”

ಜಂಬಯ್ಯ ಎದ್ದು ನಿಂತರು. ಬರುವ ತಿಂಗಳು ತಾಲೂಕು ಬೋರ್ಡಿನ ಚುನಾವಣೆ; ಅವರೂ ಅಂದಾನಪ್ಪನೂ ಎದುರಾಳಿಗಳಾಗಿ ನಿಂತಿದ್ದರು. ಹೊರಗಿನವರಿಗೂ ಕೇಳುವಂತೆ, ತಮಗೆ ಬಡವರ ಮೇಲೆ ಸೇಡಿಲ್ಲ ಎಂದರು. ಬಡವರ ಪಾಲಿನ ಕಾಳನ್ನು ಕಳ್ಳರಿಂದ ಕಾಯುವವನು ತಾನೇ ಎಂದರು ಅಂದಾನಪ್ಪ. ದಂಡ ಹಗುರವಿದ್ದರೆ ಮೋಸ ಹೆಚ್ಚುತ್ತದೆ ಎಂದು ಒಬ್ಬರು, ಭಾರವಾದರೆ ಜನ ಗುಳೆ ಹೋಗುತ್ತಾರೆ ಎಂದು ಇನ್ನೊಬ್ಬರು. ಮಾತು ಒಂದು ತಾಸು ನಡೆಯಿತು. ದೂರು ಬಂದ ದಿನವೇ ತಾಯಕ್ಕನ ಕಾಳು ನಿಲ್ಲಿಸಿದ್ದರು. ಇವತ್ತಿಗೆ ಎಂಟು ದಿನ. ಆ ಎಂಟು ದಿನ ಆಕೆಯ ಮುದುಕ ಗಂಡ ಏನು ಉಂಡ ಎಂದು ಕೇಳಲು ಅಷ್ಟು ಮಾತಿನಲ್ಲಿ ಒಬ್ಬರಿಗೂ ಬಿಡುವಾಗಲಿಲ್ಲ.

“ವಕೀಲರೇ, ಉಡಿಗೆ ಕೂಲಿ ಅಂತಾರೇನ್ರಿ? ನೀವರ ಹೇಳ್ರಿ,” ಎಂದು ತಾಯಕ್ಕ ನಡುವೆ ಒಮ್ಮೆ ಬೇಡಿಕೊಂಡಳು.

“ಕಾಯ್ದೆದಾಗ ಉಡಿ ಅನ್ನೋದು ಇಲ್ಲಮ್ಮ. ಸುಮ್ನಿರು, ನಿನ್ನ ಪರವಾಗೇ ಮಾತಾಡ್ತಾ ಇದ್ದೀನಿ.”

ಕೊನೆಗೆ ಎರಡು ತಿಂಗಳು ಎಂದು ಒಪ್ಪಿದರು. ಇಬ್ಬರಿಗೂ ಸಮಾಧಾನವಾಯಿತು. ಚಹಾ ಹೇಳಿದರು. ಉಚ್ಚೆಂಗಪ್ಪ ಬರೆದದ್ದನ್ನು ಓದಿ ಹೇಳಿ ಕಾಗದ ಮುಂದೆ ಹಿಡಿದ: ‘ಕೂಲಿ ಪಡೆದು ಮುಚ್ಚಿಟ್ಟಿದ್ದು ನಿಜ.’

“ಉಡಿ ಅಂತ ಬರಿಯಪ್ಪ. ಎರಡು ತಿಂಗಳು ಹೆಂಗಾರ ತೆಗೀತೀನಿ.”

“ಹಂಗ ಬರಿಯಾಕ ಬರಂಗಿಲ್ಲಬೇ. ಹೆಬ್ಬೆಟ್ಟು ಒತ್ತಲಿಲ್ಲ ಅಂದ್ರ ನಿನ್ನ ಹೆಸರ ಪಟ್ಟಿಯಿಂದ ಹೋಗ್ತೈತಿ. ಜಲ್ದಿ ಒತ್ತು.”

ತಾಯಕ್ಕ ಒಬ್ಬಳೇ ಆಗಿದ್ದರೆ ಕಾಗದವನ್ನು ಅವನ ಮೋರೆಗೆ ಎಸೆದು ಹೋಗುತ್ತಿದ್ದಳು. ಮನೆಯಲ್ಲಿ ಬಾಗಿಲಿನ ಸದ್ದಿಗೆ ಕಿವಿಗೊಟ್ಟು ಕೂತವನೊಬ್ಬನಿದ್ದ. ಹೆಬ್ಬೆಟ್ಟು ಒತ್ತಿದಳು. ಮಸಿಯನ್ನು ಸೀರೆಗೆ ಒರೆಸಿಕೊಳ್ಳದೆ ಚಾವಡಿಯ ಬಿಳಿ ಗೋಡೆಗೆ ಉದ್ದಕ್ಕೂ ಎಳೆದು ಹೊರಗೆ ಬಂದಳು.

ಹೊಳೆಮ್ಮ ಬೇವಿನ ಮರದ ಕೆಳಗೆ ಅಳುತ್ತ ನಿಂತಿದ್ದಳು. “ನನ್ನ ಕೈಯಿಂದ ನಿನ್ನ ಅನ್ನಕ್ಕ ಕಲ್ಲು ಬಿತ್ತಲ್ಲಕ್ಕಾ! ಅಮಾಸಿ ಕಳದ ಮ್ಯಾಲೆ ಇನ್ನೊಂದು ಹಾಸು ಬರ್ತೈತಿ. ಇನ್ನ ಯಾರನ್ನ ಕರೀಲಿ, ಯಾವ ಮೋರಿ ಇಟ್ಕೊಂಡು ಕರೀಲಿ?”

“ಯಾಕ, ನಾನ ಬರ್ತೀನಿ,” ಎಂದಳು ತಾಯಕ್ಕ. “ಕೆಚ್ಚಿದ ಮ್ಯಾಲೆ ಸೇರು ತಗೊಂಡು ಬಾ. ಅಳದು ಹಾಕು. ಕುಂಕುಮ ಹಚ್ಚಬ್ಯಾಡ.”