ಹಸಿರು ತೀರ್ಥ

ಬುಗ್ಗೆಯ ಬಿಸಿನೀರನ್ನು ತೀರ್ಥವೆಂದು ಕುಡಿದವರಿಗೆಲ್ಲ ವಾಂತಿಭೇದಿ ಹತ್ತಿಕೊಂಡಾಗ ಭೂವಿಜ್ಞಾನಿ ವಾರಿಜಾ ಆ ಊರಿಗೆ ಬಂದಳು. ಗುಡ್ಡದ ಮೇಲಿನ ಲಾಡ್ಜಿನ ಕಕ್ಕಸುಗುಂಡಿಯ ಮೇಲೆ ಅವಳಿಗೆ ಅನುಮಾನ. ಯಾರಿಗೂ ಹೇಳದೆ ಗುಂಡಿಗೆ ಬಣ್ಣ ಸುರಿದು ಕಾದಳು. ವಾರ ಕಳೆಯುವುದರೊಳಗೆ ಬುಗ್ಗೆಯ ನೀರು ಗಿಣಿಹಸಿರಾಯಿತು.

ಜನ ಪವಾಡವೆಂದು ಕೈಮುಗಿದರು. ವಾರಿಜಾ ಕಟ್ಟೆ ಹತ್ತಿ ನಿಂತಳು.

"ಪವಾಡ ಅಲ್ಲ ಇದು. ಮಳೆನೀರು ಬಂಡೆಯ ಬಿರುಕಲ್ಲಿ ಆಳಕ್ಕೆ ಇಳಿಯುತ್ತೆ, ಅಲ್ಲಿಯ ಕಾವಿಗೆ ಕಾದು ಮತ್ತೆ ಮೇಲೇರುತ್ತೆ. ಏರುವ ದಾರೀಲಿ ಲಾಡ್ಜಿನ ಗುಂಡಿಯ ನೀರೂ ಅದಕ್ಕೆ ಸೇರ್ತಿದೆ. ಆ ಗುಂಡಿಗೆ ಬಣ್ಣ ಹಾಕಿದ್ದು ನಾನೇ."

ಲಾಡ್ಜಿನ ಯಜಮಾನ ಮಹಾಲಿಂಗಪ್ಪನೇ ಬುಗ್ಗೆಗೂ ಧರ್ಮದರ್ಶಿ. ಅವನು ಮುಂದೆ ಬಂದ.

"ಅಂದ್ರೆ ಮೇಡಂ, ನಮ್ಮ ಗುಂಡಿಯಿಂದಾನೇ ಇಲ್ಲಿಗೆ ಬರ್ತಿದೆ ಅಂತೀರಾ?"

"ನೂರಕ್ಕೆ ನೂರು."

"ಎಲ್ಲರಿಗೂ ಕೇಳೋ ಹಾಗೆ ಇನ್ನೊಂದ್ಸಲ ಹೇಳ್ಬಿಡಿ."

ಅವಳು ದನಿಯೇರಿಸಿ ಹೇಳಿದಳು. ಮಹಾಲಿಂಗಪ್ಪ ಬೆವರಬೇಕಿತ್ತು, ಬದಲಿಗೆ ಏನೋ ಯೋಚಿಸುತ್ತ ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಬುಗ್ಗೆಯ ಬಳಿ ನರಪಿಳ್ಳೆಯೂ ಇರಲಿಲ್ಲ. ವಾರಿಜಾಳ ಕಣ್ಣು ತುಂಬಿಬಂತು. ಕೊನೆಗೂ ತನ್ನ ಮಾತು ಜನರಿಗೆ ನಾಟಿತ್ತು. ಹಗುರಾದ ಮನಸ್ಸಿನಿಂದ ಗುಡ್ಡದ ಕಡೆ ನಡೆದಾಗ, ತಂಬಿಗೆ ಹಿಡಿದು ಏದುಸಿರು ಬಿಡುತ್ತ ಹತ್ತುತ್ತಿದ್ದ ಮುದುಕಿಯೊಬ್ಬಳು ಸಿಕ್ಕಳು.

"ಎಲ್ಲಿಗಜ್ಜಿ?"

"ಲಾಡ್ಜಿನ ಗುಂಡಿಗೆ ಕಣವ್ವಾ. ತೀರ್ಥದ ಮೂಲ ಎಲ್ಲೈತೆ ಅಂತ ನೀನೇ ತೋರಿಸಿಕೊಟ್ಟ ಮೇಲೆ, ಕೆಳಗಡೆ ಕುಡಿಯೋಕೆ ನಮಗೇನು ಕರ್ಮ?"