ಕಿವಿ ತಂದವನು

"ನಿಮ್ಮ ಹಿರಿಯರನ್ನ ಮಣ್ಣು ಮಾಡಿರೋ ಜಾಗ ಯಾವುದಜ್ಜಿ?" ಎಂದು ಕೇಳಿ ಎಂಜಿನಿಯರ್ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಳಿಸಿದ. ನೀರಿನ ಪೈಪಿಗೆ ನಾಳೆಯೇ ಅಗೆತ ಶುರು. ಜಾಗ ತಿಳಿಯದಿದ್ದರೆ ಯಂತ್ರ ಎಲ್ಲಿ ಬೇಕಾದರೂ ಬಾಯಿ ಹಾಕೀತು. ಐವತ್ತು ವರ್ಷದ ಕೆಳಗೆ ರಸ್ತೆ ಮಾಡಿದವರು ಯಾರನ್ನೂ ಕೇಳದೆ ಅಗೆದಾಗ ಈ ಅಜ್ಜಿಯ ತಾಯಿಯ ಮೂಳೆಗಳೇ ಮೇಲೆ ಬಂದಿದ್ದವು. ಅವನ್ನು ಮತ್ತೆ ಎಲ್ಲಿ ಮಣ್ಣು ಮಾಡಿದರೆಂದು ಬೆಟ್ಟದ ಮೂಲನಿವಾಸಿಗಳು ಹೊರಗಿನವರಿಗೆ ಹೇಳಿರಲಿಲ್ಲ.

ಅಜ್ಜಿ ಮಾತಾಡಲಿಲ್ಲ. ಹಿಂದಿನ ಎರಡು ಸಲವೂ ಹೀಗೇ ಆಗಿತ್ತು. ಅವನು ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಮತ್ತೆ ಕೇಳಿದ್ದ, ಆಕೆ ಎದ್ದು ಒಳಗೆ ಹೋಗಿದ್ದಳು. "ದೊಡ್ಡ ಪ್ರಶ್ನೆಗೆ ಅವರು ತಟ್ಟನೆ ಉತ್ತರ ಕೊಡಲ್ಲ ಸಾರ್, ಸುಮ್ಮನಿದ್ದು ಯೋಚಿಸೋದೇ ಮರ್ಯಾದೆ. ಮತ್ತೆ ಕೇಳಿದ್ರೆ ಬೈದ ಹಾಗೆ. ಬಾಯಿಗೊಂದು ಬೀಗ ಹಾಕ್ಕೊಳ್ಳಿ," ಎಂದು ಜೀಪಿನ ಚಾಲಕ ಇವತ್ತು ಬರುವ ದಾರಿಯಲ್ಲಿ ಹೇಳಿದ್ದ.

ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ನುಂಗಿಕೊಂಡ. ಅಂಗಳದ ನೆರಳು ಅವನ ಬೂಟು ದಾಟಿ ಮೊಣಕಾಲಿಗೆ ಬಂತು. ಕಡೆಗೆ ಅಜ್ಜಿ ಕೋಲು ಊರಿ ಎದ್ದಳು. ಆದರೆ ಆಕೆ ಒಳಗೆ ಹೋಗಲಿಲ್ಲ.

"ಹೋದ ಎರಡು ಸಲ ಬರೀ ಬಾಯಿ ತಂದಿದ್ದೆ, ಈ ಸಲ ಕಿವಿನೂ ತಂದಿದೀಯ," ಎಂದಳು. "ನಡಿ ಮಗಾ, ನಮ್ಮಮ್ಮನ್ನ ತೋರಿಸ್ತೀನಿ."